ಯಾರ ಪೈಕಿ?

(ಯೌವನಸ್ಥರ ಕೂಟದಲ್ಲಿ ಹಂಚಿಕೊಂಡ ಸಂದೇಶದ ಬರಹರೂಪ. ಓದಬೇಕಾದ ವಾಕ್ಯಭಾಗ: ಯೋಹಾನ 4:5-42, ಗಲಾತ್ಯದವರಿಗೆ 2:11-14)

 

ಪುಣೆಯಿಂದ, ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಕುಳಿತು ಬಂದವರು ಸುಮಾರು ಜನ ಇದ್ದೀರಿ. ಕಣ್ಣು ನೋಡಿದರೇ ಗೊತ್ತಾಗ್ತದೆ. ನಿದ್ದೆ ಬಂದರೆ ನಾಚಿಕೆ ಬೇಡ, ಪಕ್ಕದವರು ಸ್ವಲ್ಪ ಎಬ್ಬಿಸ್ರಿ. ಇವತ್ತಿನ ಮಾತು ಸ್ವಲ್ಪ ಉದ್ದ ಐತಿ, ಸ್ವಲ್ಪ ಕಹಿನೂ ಐತಿ. ಕಹಿ ಯಾಕೆ ಅಂದರೆ ಇದರಲ್ಲಿ ನನ್ನ ಒಂದು ತಪ್ಪು ಇದೆ. ಅದನ್ನು ಈ ಪುಲ್ಪಿಟ್ ಮೇಲೆ ನಿಂತು ಹೇಳಬೇಕೋ ಬೇಡವೋ ಅಂತ ಮೂರು ವಾರ ಪ್ರಾರ್ಥನೆ ಮಾಡಿದೆ. ಹೇಳಬೇಕು ಅಂತಲೇ ಅನಿಸಿತು.

ಮೊದಲು ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ಪುಣೆಯಲ್ಲಿ ಇಂಜಿನಿಯರಿಂಗ್ ಓದುವ ನಮ್ಮ ಸಭೆಯ ಒಬ್ಬ ತಮ್ಮ ನನಗೆ ಫೋನ್ ಮಾಡಿದ. ದನಿ ಸಣ್ಣದಾಗಿತ್ತು. "ಪಾಸ್ಟರ್, ನನ್ನ ರೂಮ್‌ಮೇಟ್ ಒಂದು ಮಾತು ಕೇಳಿದ. ನೀ ನಿಮ್ಮ ಬೋರಗಾಂವದಾಗ ಜೈನರ ಮನ್ಯಾಗ ಹುಟ್ಟಿದ್ರ ಇವತ್ತು ಬಸದಿಗೆ ಹೋಗ್ತಿದ್ದಿ. ಮುಸಲ್ಮಾನರ ಮನ್ಯಾಗ ಹುಟ್ಟಿದ್ರ ಮಸೂತಿಗೆ ಹೋಗ್ತಿದ್ದಿ. ಅಂದ ಮ್ಯಾಲ ನಿನ್ನ ನಂಬಿಕಿ ನಿಂದು ಹೆಂಗಾತು? ಅದು ನಿಮ್ಮ ಅವ್ವಂದು. ನನಗ ಉತ್ತರಾ ಕೊಡಾಕ ಬರ್ಲಿಲ್ರಿ."

ನಾನು ಬೈಬಲ್ ಕಾಲೇಜಿನಲ್ಲಿ ಡಿಪ್ಲೊಮಾ ಮಾಡಿದವನು. ಇಂಥ ಪ್ರಶ್ನೆಗೆ ಒಂದು ರೆಡಿಮೇಡ್ ಉತ್ತರ ನಮಗೆ ಕಲಿಸಿರ್ತಾರೆ. ಅದನ್ನು ಹೇಳಿದೆ. ತಮ್ಮ "ಹೂಂ ರೀ ಪಾಸ್ಟರ್" ಅಂದ. ಆ "ಹೂಂ" ಕೇಳಿದಾಗಲೇ ನನಗೆ ತಿಳಿಯಿತು, ಅವನಿಗೆ ಉತ್ತರ ಸಿಕ್ಕಿಲ್ಲ. ಪಾಸ್ಟರಿಗೆ ಮರ್ಯಾದೆ ಕೊಟ್ಟು ಫೋನ್ ಇಟ್ಟ, ಅಷ್ಟೇ.

ಪ್ರಿಯರೇ, ಆ ರೂಮ್‌ಮೇಟ್ ಹೇಳಿದ್ದರಲ್ಲಿ ಸತ್ಯ ಇದೆ. ಮೊದಲು ಅದನ್ನು ಒಪ್ಪಿಕೊಳ್ಳೋಣ.

ನಮ್ಮ ಊರನ್ನೇ ನೋಡ್ರಿ. ಒಂದು ಓಣಿಯಲ್ಲಿ ಸೂರ್ಯ ಮುಳುಗುವ ಮುಂಚೆ ಊಟ ಮುಗಿಸ್ತಾರೆ, ಗಡ್ಡೆ ಗೆಣಸು ತಿನ್ನೋದಿಲ್ಲ. ಪಕ್ಕದ ಓಣಿಯಲ್ಲಿ ಕೊರಳಲ್ಲಿ ಲಿಂಗ. ಆಚೆ ಅಜಾನ್. ಇನ್ನೂ ಆಚೆ ನಮ್ಮ ಕೇರಿ. ಯಾರಾದರೂ ಕ್ಯಾಟಲಾಗ್ ನೋಡಿ ಇದನ್ನೆಲ್ಲ ಆರಿಸಿಕೊಂಡರಾ? ಇಲ್ಲ. ಭಾಷೆ ಕೂಡ ಹಾಗೇ. ನಾವು ಮನೆಯಲ್ಲಿ ಕನ್ನಡ ಆಡ್ತೀವಿ, ಸಂತೆಯಲ್ಲಿ ಮರಾಠಿ ಆಡ್ತೀವಿ, ಹಾಡು ಎರಡರಲ್ಲೂ ಹಾಡ್ತೀವಿ. ಬೆಂಗಳೂರಿಗೆ ಹೋದರೆ ನಮ್ಮ ಕನ್ನಡಕ್ಕೆ ನಗ್ತಾರೆ, ಕೊಲ್ಹಾಪುರಕ್ಕೆ ಹೋದರೆ ನಮ್ಮ ಮರಾಠಿಗೆ ನಗ್ತಾರೆ. ಆದರೂ ಕಾಲಿಗೆ ಮುಳ್ಳು ಚುಚ್ಚಿದಾಗ ಬಾಯಲ್ಲಿ ಬರೋದು "ಅಯ್ಯ ಯವ್ವಾ" ಅಂತಲೇ. ಅದು ಒಳಗೆ ಎಷ್ಟು ಆಳಕ್ಕೆ ಇಳಿದಿದೆ ಅಂದರೆ ನೋವಿನ ಹೊತ್ತಲ್ಲೂ ನಾವು ಅದನ್ನು ಆರಿಸೋದಿಲ್ಲ, ಅದೇ ಬರ್ತದೆ.

ನನ್ನ ನಂಬಿಕೆಯ ಕಥೆಯೂ ಹಾಗೇ. ನಮ್ಮ ಆಯಿ ನಿಪ್ಪಾಣಿಯ ತಂಬಾಕು ವಖಾರದಲ್ಲಿ ಕೂಲಿ ಮಾಡ್ತಿದ್ದಳು. ಮಧ್ಯವಯಸ್ಸಿನಲ್ಲಿ ಎದೆಯ ಕಾಯಿಲೆ ಹಿಡಿಯಿತು. ಮಿರಜಿನ ಮಿಷನ್ ದವಾಖಾನೆಗೆ ಒಯ್ದರು. 1894ರಲ್ಲಿ ಡಾಕ್ಟರ್ ವಾನ್ಲೆಸ್ ಅನ್ನುವವರು ಶುರು ಮಾಡಿದ ಆಸ್ಪತ್ರೆ ಅದು, ನಮ್ಮ ಸುತ್ತಿನ ಎಷ್ಟೋ ಬಡ ಮನೆಗಳಿಗೆ ಕಡೆಯ ಆಸರೆ. ಅಲ್ಲಿ ಒಬ್ಬ ನರ್ಸ್‌ಬಾಯಿ ಆಯಿಯ ಕೈ ಹಿಡಿದು ಪ್ರಾರ್ಥನೆ ಮಾಡಿದಳಂತೆ. ಆಯಿ ಮುಂದೆ ಯಾವಾಗಲೂ ಹೇಳ್ತಿದ್ದಳು, "ನನಗ ಮದಲ ಆರಾಮ ಆಗಿದ್ದು ಎದಿ ಅಲ್ಲೋ ತಮ್ಮಾ. ಕೈ. ಹೊರಗಿನ ಮಂದಿ ಯಾರೂ ಹಿಡೀಲಾರದ ಕೈ ಹಿಡದ್ಲು ಆಕಿ."

ಈಗ ಯೋಚನೆ ಮಾಡ್ರಿ. ಆಯಿಗೆ ಎದೆನೋವು ಬರದಿದ್ದರೆ? ಬೇರೆ ದವಾಖಾನೆಗೆ ಹೋಗಿದ್ದರೆ? ಆ ದಿನ ಆ ನರ್ಸ್‌ಬಾಯಿಗೆ ರಜೆ ಇದ್ದಿದ್ದರೆ? ನಾನು ಇಲ್ಲಿ ನಿಂತಿರ್ತಿರಲಿಲ್ಲ. ರೂಮ್‌ಮೇಟ್ ಹೇಳಿದ್ದು ಸರಿಯೇ. ನನ್ನ ನಂಬಿಕೆ ನನಗೆ ಬಂದದ್ದು ಆಯಿಯಿಂದ, ಅವ್ವನಿಂದ, ಒಂದು ಕಾಯಿಲೆಯಿಂದ.

ಆದರೆ ನಮ್ಮ ಕೇರಿಯ ಬಗ್ಗೆ ಇನ್ನೊಂದು ಸಂಗತಿ ಹೇಳಬೇಕು. ಆಯಿಯ ಮೈದುನನ ಮನೆ ನಮ್ಮ ಮನೆಗೆ ಅಂಟಿಕೊಂಡೇ ಇದೆ, ಒಂದೇ ಗೋಡೆ. ಆ ಮನೆಯವರು ಬೌದ್ಧರು. ಗೋಡೆಯ ಮೇಲೆ ಬಾಬಾಸಾಹೇಬರ ಫೋಟೊ, ಬುದ್ಧನ ಮೂರ್ತಿ. ಒಂದೇ ರಕ್ತ, ಒಂದೇ ಕೇರಿ, ಒಂದೇ ಹಸಿವು, ಒಂದೇ ಅವಮಾನ. ಬಾವಿಯ ಹತ್ತಿರ ಹೋಗಬಾರದು ಅಂತ ಎರಡೂ ಮನೆಗೆ ಹೇಳಿದ್ದರು. ಆದರೆ ಒಂದು ಮನೆ ಆ ಕಡೆ ಹೋಯಿತು, ಒಂದು ಮನೆ ಈ ಕಡೆ ಬಂತು. ಹುಟ್ಟೇ ಎಲ್ಲವನ್ನೂ ನಿರ್ಧರಿಸೋದಾದರೆ ಈ ಗೋಡೆಯ ಎರಡು ಬದಿಗೆ ಎರಡು ಪ್ರಾರ್ಥನೆ ಹೇಗೆ ಬಂತು?

ನನಗೆ ತಿಳಿದ ಮಟ್ಟಿಗೆ, ಹುಟ್ಟು ನಮಗೆ ಪ್ರಶ್ನೆಯನ್ನು ಕೊಡ್ತದೆ. ಉತ್ತರಕ್ಕೆ ಬೇಕಾದ ಸಾಮಾನನ್ನೂ ಕೊಡ್ತದೆ. ಆದರೆ ಉತ್ತರವನ್ನು ಪೂರ್ತಿ ಬರೆದು ಕೊಡೋದಿಲ್ಲ.

ಬಾಬಾಸಾಹೇಬರ ವಿಷಯ ಬಂತು. ನಮ್ಮ ಯೌವನಸ್ಥರಿಗೆ ಇದು ಗೊತ್ತಿರಬೇಕು, ಯಾಕಂದರೆ ಇದು ನಮ್ಮ ನೆಲದಲ್ಲೇ ನಡೆದದ್ದು. 1920ರ ಮಾರ್ಚ್ 21 ಮತ್ತು 22ರಂದು ಮಾಣಗಾಂವದಲ್ಲಿ ಅಸ್ಪೃಶ್ಯರ ಪರಿಷತ್ತು ಸೇರಿತು. ಇಚಲಕರಂಜಿಗೆ ದುಡಿಯಲು ಹೋಗುವವರಿಗೆ ಮಾಣಗಾಂವ ಗೊತ್ತು. ಅಧ್ಯಕ್ಷರು ಡಾಕ್ಟರ್ ಅಂಬೇಡ್ಕರ್, ಆಗ ಇನ್ನೂ ಮೂವತ್ತು ತುಂಬದ ಯುವಕ. ಅಲ್ಲಿಗೆ ಕೊಲ್ಹಾಪುರದ ಶಾಹೂ ಮಹಾರಾಜರೇ ಬಂದು, ನಿಮಗೆ ನಿಮ್ಮ ನಾಯಕ ಸಿಕ್ಕಿದ್ದಾನೆ ಅಂತ ಜನರಿಗೆ ಹೇಳಿದರು. 1902ರಲ್ಲೇ ತಮ್ಮ ಸಂಸ್ಥಾನದ ನೌಕರಿಯಲ್ಲಿ ನೂರಕ್ಕೆ 50 ಜಾಗವನ್ನು ಹಿಂದುಳಿದವರಿಗೆ ಇಟ್ಟ ಅರಸರು ಅವರು. 1925ರ ಏಪ್ರಿಲ್‌ನಲ್ಲಿ ನಮ್ಮ ನಿಪ್ಪಾಣಿಯಲ್ಲೇ ಅಂಬೇಡ್ಕರರು ಬಹಿಷ್ಕೃತರ ಪರಿಷತ್ತು ನಡೆಸಿದರು. 1927ರಲ್ಲಿ ಮಹಾಡದ ಕೆರೆಯ ನೀರು ಮುಟ್ಟಿದರು. ಆಮೇಲೆ 1935ರಲ್ಲಿ ಯೇವಲಾ ಊರಲ್ಲಿ ನಿಂತು, ಹಿಂದುವಾಗಿ ಹುಟ್ಟಿದ್ದು ನನ್ನ ಕೈಯಲ್ಲಿ ಇರಲಿಲ್ಲ, ಹಿಂದುವಾಗಿ ಸಾಯೋದಿಲ್ಲ ಅನ್ನುವ ಅರ್ಥದ ಮಾತು ಆಡಿದರು. ನಾಗಪುರದಲ್ಲಿ ಬೌದ್ಧ ದೀಕ್ಷೆ ತಗೊಂಡಿದ್ದು 1956ರ ಅಕ್ಟೋಬರ್ 14ಕ್ಕೆ. ನಡುವೆ ಎಷ್ಟು ವರ್ಷ? 21 ವರ್ಷ. ಓದಿದರು, ಹೋಲಿಸಿದರು, ಜಗಳ ಆಡಿದರು, ತೂಗಿದರು.

ಅವರು ಮುಟ್ಟಿದ ತೀರ್ಮಾನ ನನ್ನ ತೀರ್ಮಾನ ಅಲ್ಲ. ಅದು ನಿಮಗೆ ಗೊತ್ತು. ಆದರೆ ನಂಬಿಕೆಯನ್ನು ಅಷ್ಟು ಗಂಭೀರವಾಗಿ ತಗೊಂಡ ಮನುಷ್ಯನ ಮುಂದೆ ನನಗೆ ನಾಚಿಕೆ ಆಗ್ತದೆ. ನನಗೆ ಹದಿನಾರನೇ ವಯಸ್ಸಿಗೆ ದೀಕ್ಷಾಸ್ನಾನ ಆಯಿತು. ನಾನು ಇಪ್ಪತ್ತೊಂದು ವರ್ಷ ಬೇಡ, ಇಪ್ಪತ್ತೊಂದು ದಿನ ಯೋಚನೆ ಮಾಡಿದ್ದೆನಾ?

ಈಗ ಆ ರೂಮ್‌ಮೇಟಿಗೆ ಉತ್ತರ ಹೇಳೋಣ. ಸಿಟ್ಟಿಲ್ಲದೆ ಹೇಳೋಣ.

ಒಂದು. ಮನೆಯಿಂದ ಬಂದದ್ದು ಅನ್ನುವ ಕಾರಣಕ್ಕೇ ಒಂದು ಮಾತು ಸುಳ್ಳಾಗೋದಿಲ್ಲ. ಎರಡು ಎರಡಲೇ ನಾಕು ಅಂತ ನನಗೆ ಕಲಿಸಿದ್ದು ನಮ್ಮೂರ ಶಾಲೆಯ ಮಾಸ್ತರು. ಬೇರೆ ಊರಲ್ಲಿ ಹುಟ್ಟಿದ್ದರೆ ಬೇರೆ ಮಾಸ್ತರು ಕಲಿಸ್ತಿದ್ದರು. ಕಲಿಸಿದವರು ಯಾರು ಅನ್ನುವುದರಿಂದ ಲೆಕ್ಕ ಬದಲಾಗೋದಿಲ್ಲ. ಹಾಗೆಯೇ, ಮನೆಯಿಂದ ಬಂದದ್ದು ಅನ್ನುವ ಕಾರಣಕ್ಕೇ ಒಂದು ಮಾತು ಸತ್ಯವೂ ಆಗೋದಿಲ್ಲ. ಇದನ್ನು ನಾವು ಮರೆಯಬಾರದು. ದೂಧಗಂಗೆ ಸಹ್ಯಾದ್ರಿಯಿಂದ ಇಳಿದು ಬರ್ತಾಳೆ. ಎಲ್ಲಿಂದ ಬಂದಳು ಅಂತ ಗೊತ್ತಾದರೆ ಸಾಕಾ? ಕುಡಿಯುವ ಮುಂಚೆ ನೀರು ಸೋಸಿ, ಕುದಿಸಿ ನೋಡಬೇಕು.

ಎರಡು. ಆ ರೂಮ್‌ಮೇಟ್ ಕೂಡ ಎಲ್ಲಿಂದಲೋ ಬಂದವನೇ. ಏನೂ ನಂಬೋದಿಲ್ಲ ಅನ್ನುವವನಿಗೂ ಒಂದು ಹಾಸ್ಟೆಲ್ ಇದೆ, ಒಂದು ಗೆಳೆಯರ ಗುಂಪು ಇದೆ, ಕೈಯಲ್ಲಿ ಒಂದು ಫೋನ್ ಇದೆ. ಆ ಫೋನಿನಲ್ಲಿ ಬರುವ ರೀಲ್ಸ್ ಅವನಿಗೆ ದಿನಾ ಪ್ರಸಂಗ ಮಾಡ್ತವೆ. ಅವನೂ ತನ್ನ ಓಣಿಯ ಮಗನೇ. ಇದನ್ನು ಅವನಿಗೆ ಕೊಂಕಾಗಿ ಹೇಳಬೇಡ್ರಿ. "ದೋಸ್ತ, ಇಬ್ಬರೂ ಒಂದೇ ಬೋಟಿನ್ಯಾಗ ಅದೀವಿ, ಕೂಡಿ ಹುಡುಕೋಣು" ಅಂತ ಹೇಳ್ರಿ.

ಮೂರನೆಯದು ಬಹಳ ಮುಖ್ಯ. ಅದಕ್ಕೆ ಯೋಹಾನ 4ನೇ ಅಧ್ಯಾಯಕ್ಕೆ ಬರ್ರಿ.

ಬಾವಿಯ ದಡದಲ್ಲಿ ಯೇಸು ಕುಳಿತಿದ್ದಾನೆ. ಸಮಾರ್ಯದ ಹೆಂಗಸು ಕೊಡ ಹೊತ್ತು ಬರ್ತಾಳೆ. ಆತ ನೀರು ಕೇಳ್ತಾನೆ. ಆಕೆಗೆ ಆಶ್ಚರ್ಯ. ಯೆಹೂದ್ಯರು ಸಮಾರ್ಯದವರ ಕೈಯ ನೀರು ಮುಟ್ಟೋದಿಲ್ಲ. ನಮ್ಮ ಆಯಂದಿರಿಗೆ ಈ ಕಥೆಗೆ ವ್ಯಾಖ್ಯಾನ ಬೇಕಾಗಿರಲಿಲ್ಲ, ಓದಿದ ಕೂಡಲೇ ತಿಳೀತಿತ್ತು. ಮಾತು ಮುಂದುವರಿದಾಗ ಆಕೆ ಕೇಳೋದು ಏನು? 20ನೇ ವಚನ ನೋಡ್ರಿ. ನಮ್ಮ ಹಿರಿಯರು ಈ ಬೆಟ್ಟದಲ್ಲಿ ಆರಾಧಿಸಿದರು, ನಿಮ್ಮವರು ಯೆರೂಸಲೇಮ್ ಅಂತೀರಿ ಅಂತ. ಇದು ಆ ರೂಮ್‌ಮೇಟ್ ಕೇಳಿದ ಪ್ರಶ್ನೆಯೇ ಅಲ್ಲೇನು? ನಮ್ಮ ಮನೆಯಲ್ಲಿ ಇದು, ನಿಮ್ಮ ಮನೆಯಲ್ಲಿ ಅದು, ಯಾವುದು ಖರೆ?

ಯೇಸು ಆಕೆಯ ಹಿರಿಯರನ್ನು ಬೈಯ್ಯಲಿಲ್ಲ. ತಾನು ಹುಟ್ಟಿದ ಜನಾಂಗವನ್ನೂ ಮರೆಮಾಚಲಿಲ್ಲ. ಆದರೆ ಬೆಟ್ಟಕ್ಕೂ ಪಟ್ಟಣಕ್ಕೂ ಆಚೆ ಇರುವ ಆರಾಧನೆಯ ಮಾತು ಆಡಿದ. ಆಕೆ ಕೊಡ ಅಲ್ಲೇ ಬಿಟ್ಟು ಊರಿಗೆ ಓಡಿದಳು. ಊರವರು ಮೊದಲು ನಂಬಿದ್ದು ಆಕೆಯ ಮಾತಿನ ಮೇಲೆ. ಆಮೇಲೆ ಆತನನ್ನು ಊರಿಗೆ ಕರೆದು ಎರಡು ದಿನ ಇಟ್ಟುಕೊಂಡರು. 42ನೇ ವಚನದಲ್ಲಿ ಅವರು ಆಕೆಗೆ ಹೇಳ್ತಾರೆ: ಈಗ ನಾವು ನಂಬೋದು ನಿನ್ನ ಮಾತಿಗೆ ಅಲ್ಲ, ನಾವೇ ಕೇಳಿ ತಿಳಿದಿದ್ದೇವೆ ಅಂತ.

ಪ್ರಿಯರೇ, ಇದೇ ಮೂರನೆಯ ಉತ್ತರ. ನಂಬಿಕೆ ಇನ್ನೊಬ್ಬರ ಬಾಯಿಂದ ಬರುವುದು ತಪ್ಪಲ್ಲ. ಎಲ್ಲರಿಗೂ ಹಾಗೇ ಬರ್ತದೆ. ಆದರೆ ಅದು ಅಲ್ಲೇ ನಿಂತರೆ ಅದು ಆಯಿಯ ನಂಬಿಕೆ. ನೀನೇ ಕೇಳಿ, ನೀನೇ ಎರಡು ದಿನ ಕೂಡಿ ಇದ್ದು ನೋಡಿದ ಮೇಲೆ ಅದು ನಿನ್ನದು. ಆಮೆನ್ ಅಂತೀರಾ?

ಇಲ್ಲಿಗೆ ನಿಲ್ಲಿಸಿದ್ದರೆ ಒಳ್ಳೆ ಪ್ರಸಂಗ ಆಗ್ತಿತ್ತು. ಪುಣೆಯ ತಮ್ಮನಿಗೂ ಇಷ್ಟನ್ನು ಆಮೇಲೆ ಹೇಳಿದೆ, ಅವನಿಗೆ ಸಮಾಧಾನ ಆಯಿತು. ಆದರೆ ಕರ್ತನು ನನ್ನನ್ನು ಅಲ್ಲಿಗೆ ಬಿಡಲಿಲ್ಲ. ನಂಬಿಕೆ ನನ್ನದಾಗಿದೆ ಅಂತ ನಾನು ಅಂದುಕೊಂಡಿದ್ದೆ. ಎಷ್ಟರ ಮಟ್ಟಿಗೆ ಅಂತ ಈ ವರ್ಷ ಜೂನ್ ತಿಂಗಳಲ್ಲಿ ಗೊತ್ತಾಯಿತು.

ನಮ್ಮ ಸಭೆಯ ಒಬ್ಬ ಬ್ರದರ್, ಬೆಂಗಳೂರಿನಲ್ಲಿ ಕೆಲಸ. ಭಾನುವಾರ ಸಂಜೆ ಫೋನ್ ಮಾಡಿದ. "ಪಾಸ್ಟರ್, ನಾ ಒಂದು ಹುಡುಗಿನ್ನ ಮದುವಿ ಆಗಬೇಕಂತ ಮಾಡೀನಿ. ವಿಶ್ವಾಸಿನೇ. ನಿಮಗೂ ಗೊತ್ತ ಅದಾಳ." ನನಗೆ ಬಹಳ ಸಂತೋಷ ಆಯಿತು. ಸ್ತೋತ್ರ ಅಂದೆ. ಆಮೇಲೆ ನನ್ನ ಬಾಯಿಂದ ಬಂದ ಮೊದಲ ಪ್ರಶ್ನೆ ಏನು ಗೊತ್ತಾ?

"ಯಾರ ಪೈಕಿ ಆಕಿ?"

ನಮ್ಮ ಕಡೆಯವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರು ಊರು ಕೇಳ್ತಾರೆ, ಅಡ್ಡಹೆಸರು ಕೇಳ್ತಾರೆ, ಆಮೇಲೆ ಮೆಲ್ಲಗೆ "ಯಾರ ಪೈಕಿ ರೀ?" ಅಂತಾರೆ. ಜಾತಿ ಅನ್ನುವ ಶಬ್ದ ಬಾಯಲ್ಲಿ ಬರೋದೇ ಇಲ್ಲ. ನೀವೆಲ್ಲ ಆ ಪ್ರಶ್ನೆಗೆ ಹೊಟ್ಟೆಯಲ್ಲಿ ತಣ್ಣಗಾಗಿದ್ದನ್ನು ಅನುಭವಿಸಿದವರು. ಬಾಡಿಗೆ ಮನೆ ಹುಡುಕುವಾಗ, ಹೊಸ ಆಫೀಸಿನಲ್ಲಿ ಊಟದ ಡಬ್ಬಿ ತೆರೆಯುವಾಗ. ನಾನೂ ಅನುಭವಿಸಿದವನು. ಅದೇ ಪ್ರಶ್ನೆ ನನ್ನ ಬಾಯಿಂದ ಬಂತು.

ಹುಡುಗ ಸ್ವಲ್ಪ ಹೊತ್ತು ಸುಮ್ಮನಾದ. ಆಮೇಲೆ ಅಂದ, "ಪಾಸ್ಟರ್, ನೀವೂ ಕೇಳ್ತೀರಿ?"

ಆ ಹುಡುಗಿಯನ್ನು ನಾನೇ ದೀಕ್ಷಾಸ್ನಾನಕ್ಕೆ ನೀರಿಗೆ ಇಳಿಸಿದ್ದೆ. ಅವನನ್ನೂ ನಾನೇ ಇಳಿಸಿದ್ದೆ. ಒಂದೇ ತೊಟ್ಟಿ, ಒಂದೇ ದಿನ. ಅವನ ಮನೆ ನಮ್ಮ ಮಹಾರ ಕೇರಿಯದು. ಆಕೆಯ ಮನೆ ಮಾಂಗರ ಕೇರಿಯದು. ಊರಿನ ಮೇಲಿನ ಓಣಿಯವರಿಗೆ ಎರಡೂ ಕೇರಿ ಒಂದೇ. ಎರಡನ್ನೂ ದೂರ ಇಟ್ಟರು. ಆದರೆ ನಮ್ಮ ಕೇರಿಯಲ್ಲಿ ನಾನು ಸಣ್ಣವನಿದ್ದಾಗಿನಿಂದ ಕೇಳಿದ ಮಾತು ಒಂದಿತ್ತು: ಅವರ ಮನೆಯಲ್ಲಿ ಉಣ್ಣಬಾರದು. ಯಾರು ಕಲಿಸಿದರು? ಯಾರೂ ಕೂರಿಸಿ ಕಲಿಸಲಿಲ್ಲ. ಹಾಲಿನ ಜೊತೆ ಬಂತು. ದೀಕ್ಷಾಸ್ನಾನದ ನೀರು ಅದರ ಮೇಲೆ ಹರಿಯಿತು. ಬೈಬಲ್ ಕಾಲೇಜಿನ ಡಿಪ್ಲೊಮಾ ಅದರ ಮೇಲೆ ಕುಳಿತಿತು. ಒಳಗೆ ಅದು ಹಾಗೇ ಇತ್ತು.

ನಾನು ಅನ್ಯಭಾಷೆಯಲ್ಲಿ ಪ್ರಾರ್ಥನೆ ಮಾಡಿದವನು. ಪವಿತ್ರಾತ್ಮನು ನನ್ನನ್ನು ಮುಟ್ಟಿದ್ದಾನೆ ಅನ್ನುವುದರಲ್ಲಿ ನನಗೆ ಸಂಶಯ ಇಲ್ಲ. ಆದರೂ ನನ್ನ ನಾಲಿಗೆಯ ತುದಿಯಲ್ಲಿ ನನ್ನ ಕೇರಿ ಕುಳಿತಿತ್ತು. ಇದು ಹೇಗೆ ಸಾಧ್ಯ ಅಂತ ಆ ರಾತ್ರಿ ನಾನು ಗಲಾತ್ಯ 2ನೇ ಅಧ್ಯಾಯ ತೆಗೆದೆ.

ಪೇತ್ರನನ್ನು ನೋಡ್ರಿ. ಯೊಪ್ಪದಲ್ಲಿ ಮಾಳಿಗೆಯ ಮೇಲೆ ಅವನಿಗೆ ದರ್ಶನ ಆಗಿತ್ತು, ಅಪೊಸ್ತಲರ ಕೃತ್ಯಗಳು 10ನೇ ಅಧ್ಯಾಯ. ಶುದ್ಧ ಅಶುದ್ಧ ಅಂತ ಭೇದ ಮಾಡಬೇಡ ಅಂತ ಒಂದು ಸಲ ಅಲ್ಲ, ಮೂರು ಸಲ ದೇವರು ಅವನಿಗೆ ತಿಳಿಸಿದ. ಅವನು ರೋಮಿನ ಸೈನ್ಯದ ಕೊರ್ನೇಲ್ಯನ ಮನೆಯೊಳಗೆ ಕಾಲಿಟ್ಟ. ಅವರ ಮೇಲೆ ಪವಿತ್ರಾತ್ಮ ಇಳಿದದ್ದನ್ನು ಕಣ್ಣಾರೆ ಕಂಡ. ಇಷ್ಟೆಲ್ಲ ಆದ ಮೇಲೆ ಅಂತಿಯೋಕ್ಯದಲ್ಲಿ ಏನು ಮಾಡಿದ? ಅನ್ಯಜನರ ಜೊತೆ ಕೂಡಿ ಉಣ್ಣುತ್ತಿದ್ದವನು, ಯೆರೂಸಲೇಮಿನಿಂದ ತನ್ನವರು ಬಂದ ಕೂಡಲೇ ಪಂಕ್ತಿ ಬಿಟ್ಟು ಎದ್ದ. ಅವನನ್ನು ನೋಡಿ ಬಾರ್ನಬನೂ ಎದ್ದ. ಪೌಲ ಎಲ್ಲರ ಮುಂದೆ ಅವನನ್ನು ಎದುರಿಸಿದ.

ಪೇತ್ರನ ಸಿದ್ಧಾಂತ ಬದಲಾಗಿರಲಿಲ್ಲ, ಗಮನಿಸಿ. ಪರೀಕ್ಷೆ ಬರೆಸಿದ್ದರೆ ಸರಿ ಉತ್ತರ ಬರೀತಿದ್ದ. ತನ್ನ ಜನರ ಕಣ್ಣು ತನ್ನ ತಟ್ಟೆಯ ಮೇಲೆ ಬಿದ್ದಾಗ ಮಾತ್ರ ಅವನ ಕಾಲು ಹಿಂದೆ ಸರಿಯಿತು. ದರ್ಶನ ಒಂದು ಮಧ್ಯಾಹ್ನದಲ್ಲಿ ಆಗ್ತದೆ. ಬೆಳೆದ ಮನೆ ಮೈಯಿಂದ ಹೋಗಲಿಕ್ಕೆ ವರ್ಷಗಳು ಬೇಕು. ಅದೂ ಯಾರಾದರೂ ಪೌಲನ ಹಾಗೆ ಮುಖದ ಮುಂದೆ ಹೇಳಬೇಕು. ನನಗೆ ಪೌಲ ಆದವನು ಇಪ್ಪತ್ತೇಳು ವರ್ಷದ ಆ ಹುಡುಗ.

ಇದು ನನ್ನೊಬ್ಬನ ಕಥೆ ಅಲ್ಲ. ನಾವು ಪೆಂಟೆಕೊಸ್ತಿನವರು ನಮ್ಮ ಬೇರು ಅಂತ ಹೇಳಿಕೊಳ್ಳುವ ಅಜೂಸಾ ಬೀದಿಯ ಉಜ್ಜೀವನವನ್ನೇ ತಗೊಳ್ರಿ. 1906, ಲಾಸ್ ಏಂಜಲೀಸ್. ಅದನ್ನು ನಡೆಸಿದ ವಿಲಿಯಂ ಸೀಮೋರ್ ಕರಿಯ ಮನುಷ್ಯ. ಅವರ ತಂದೆತಾಯಿ ಗುಲಾಮರಾಗಿದ್ದವರು. ಅದಕ್ಕೆ ಸ್ವಲ್ಪ ಮುಂಚೆ ಅವರು ಹ್ಯೂಸ್ಟನ್ನಿನಲ್ಲಿ ಬೈಬಲ್ ಕಲಿಯಲು ಹೋದಾಗ ಬಿಳಿಯರ ಜೊತೆ ಕುಳ್ಳಿರಿಸಲಿಲ್ಲ. ಬಾಗಿಲಾಚೆ ಕುಳಿತು ಕೇಳಬೇಕಾಯಿತು. ನಮ್ಮ ಅಜ್ಜಂದಿರು ಶಾಲೆಯ ಪಡಸಾಲೆಯಲ್ಲಿ ಕುಳಿತು ಅಕ್ಷರ ಕಲಿತ ಹಾಗೆಯೇ. ಅಜೂಸಾ ಬೀದಿಯಲ್ಲಿ ಕರಿಯರು, ಬಿಳಿಯರು, ಮೆಕ್ಸಿಕೋದವರು ಒಂದೇ ನೆಲದ ಮೇಲೆ ಮೊಣಕಾಲೂರಿದರು. ಅದು ನಿಜವಾಗಿ ನಡೆಯಿತು. ಆದರೆ ಹತ್ತು ವರ್ಷ ತುಂಬುವುದರೊಳಗೆ ಅದೇ ಉಜ್ಜೀವನದ ಮಕ್ಕಳು ಹೆಚ್ಚಾಗಿ ಬಣ್ಣದ ಪ್ರಕಾರ ಬೇರೆ ಬೇರೆ ಸಂಘಟನೆಗಳಾದರು. ಆತ್ಮನ ಅಗ್ನಿ ಬಿದ್ದದ್ದು ಖರೆ. ಜನ ಮತ್ತೆ ತಮ್ಮ ತಮ್ಮ ಓಣಿಗೆ ಹೋದದ್ದೂ ಖರೆ.

ನಮ್ಮ ಕನ್ನಡ ನಾಡಿನಲ್ಲಿ ಇದಕ್ಕಿಂತ ಹಳೆಯ ಪಾಠ ಇದೆ. ಹನ್ನೆರಡನೇ ಶತಮಾನದ ಕಲ್ಯಾಣದ ಶರಣರ ಕಥೆಯನ್ನು ನೀವು ಶಾಲೆಯಲ್ಲೇ ಕೇಳಿದ್ದೀರಿ. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟು ಮದುವೆ ಮಾಡಿದರು. ಅಲ್ಲಿಯವರೆಗೆ ಕೂಡಿ ಕುಳಿತು ಮಾತಾಡಿದ್ದನ್ನು ಊರು ಹೇಗೋ ಸಹಿಸಿತ್ತು. ಮದುವೆ ಅಂದ ಕೂಡಲೇ ಇಬ್ಬರು ಬೀಗರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದರು ಅಂತ ಆ ಪರಂಪರೆ ಹೇಳ್ತದೆ. ಅವರ ಧರ್ಮ ನಮ್ಮದಲ್ಲದೆ ಇರಬಹುದು. ಆದರೆ ನಂಬಿಕೆಯ ನಿಜವಾದ ಬೆಲೆ ಎಲ್ಲಿ ಕಟ್ಟಬೇಕು ಅಂತ ಅವರಿಗೆ ಗೊತ್ತಿತ್ತು. ಹಾಡುವಾಗ ಅಲ್ಲ. ಹೆಣ್ಣು ಕೊಡುವಾಗ, ತರುವಾಗ.

ಹಾಗಾದರೆ ಹುಟ್ಟಿದ ಮನೆ ಬರೀ ಶಾಪವಾ? ಅಲ್ಲ. ಇನ್ನೊಂದು ಬದಿಯನ್ನೂ ಹೇಳದಿದ್ದರೆ ಅನ್ಯಾಯ ಆಗ್ತದೆ. ಪಂಡಿತಾ ರಮಾಬಾಯಿ 1858ರಲ್ಲಿ ಹುಟ್ಟಿದ್ದು ನಮ್ಮ ಕರ್ನಾಟಕದಲ್ಲೇ, ಕಾರ್ಕಳದ ಮಾಳ ಮೂಲದ ಕುಟುಂಬಕ್ಕೆ, ಘಟ್ಟದ ಕಾಡಿನ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿಗಳು ಜನರ ವಿರೋಧ ಕಟ್ಟಿಕೊಂಡು ಹೆಂಡತಿಗೆ ಸಂಸ್ಕೃತ ಕಲಿಸಿದರು. ಆ ತಾಯಿ ಮಗಳಿಗೆ ಕಲಿಸಿದಳು. ರಮಾಬಾಯಿ 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ತಗೊಂಡರು. ಆದರೆ ಸಸ್ಯಾಹಾರ ಬಿಡಲಿಲ್ಲ, ಪ್ರಶ್ನೆ ಕೇಳುವುದನ್ನೂ ಬಿಡಲಿಲ್ಲ. ಬಿಳಿಯ ಹಿರಿಯರು ಹೇಳಿದ್ದಕ್ಕೆಲ್ಲ ತಲೆ ಆಡಿಸಲಿಲ್ಲ. ಪುಣೆಯ ಹತ್ತಿರ ಕೇಡಗಾಂವದ ಅವರ ಮುಕ್ತಿ ಮಿಷನ್ನಿನಲ್ಲಿ ಬರಗಾಲದ ಹೆಣ್ಣುಮಕ್ಕಳು, ವಿಧವೆಯರು ಆಸರೆ ಪಡೆದರು. 1905ರಲ್ಲಿ ಅಲ್ಲಿ ಉಜ್ಜೀವನ ಆಯಿತು, ಅಜೂಸಾಗಿಂತ ಮುಂಚೆ. ಕಡೆಗಾಲದಲ್ಲಿ ಹೀಬ್ರು, ಗ್ರೀಕ್ ಕಲಿತು ಇಡೀ ಬೈಬಲನ್ನು ಮರಾಠಿಗೆ ತಂದರು. ಮೂಲಭಾಷೆಯನ್ನೇ ಓದಬೇಕು ಅನ್ನುವ ಆ ಹಟ ಎಲ್ಲಿಂದ ಬಂತು? ತಂದೆಯ ಮನೆಯಿಂದ. ಅವರು ಹುಟ್ಟಿದ ಮನೆಯ ಹೆಮ್ಮೆಯನ್ನು ಬಿಟ್ಟರು, ಅದರ ವಿದ್ಯೆಯನ್ನು ತಂದರು.

ನಮ್ಮ ಕೇರಿಯೂ ನಮಗೆ ಕೊಟ್ಟಿದೆ. ಹಂಚಿಕೊಂಡು ತಿನ್ನುವುದನ್ನು ಕೊಟ್ಟಿದೆ. ಸತ್ತ ಮನೆಗೆ ಕರೆಯದೆ ಹೋಗುವುದನ್ನು ಕೊಟ್ಟಿದೆ. ಹಲಗಿ ಬಡಿಯುವ ಕೈಗಳನ್ನು ಕೊಟ್ಟಿದೆ. ಇವತ್ತು ನಮ್ಮ ಆರಾಧನೆಯ ತಾಳ ಅಲ್ಲಿಂದಲೇ ಬಂದದ್ದು. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಅಂತ ಒಂದೊಂದಾಗಿ ಆರಿಸಬೇಕು. ಅಕ್ಕಿ ಆರಿಸಿದ ಹಾಗೆ. ಅಕ್ಕಿಯಲ್ಲಿ ಕಲ್ಲಿದೆ ಅಂತ ಮೊರವನ್ನೇ ಎಸೆಯೋದಿಲ್ಲ. ಅಕ್ಕಿ ಅಂತ ಕಲ್ಲನ್ನೂ ಬೇಯಿಸೋದಿಲ್ಲ.

ಇನ್ನು ನಿಮ್ಮಲ್ಲಿ ಬಹಳ ಜನರ ಎದೆಯಲ್ಲಿರುವ ಇನ್ನೊಂದು ಮಾತು. ಕಾಗದದ ಮಾತು. ಪರಿಶಿಷ್ಟ ಜಾತಿಗಳ 1950ರ ಆದೇಶದ ಪ್ರಕಾರ ಹಿಂದುಗಳಿಗೆ ಮಾತ್ರ ಆ ಸ್ಥಾನ ಇತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರಾದವರಿಗೆ ಇಲ್ಲ. ಗೋಡೆಯ ಆಚೆ ಇರುವ ನನ್ನ ಚಿಕ್ಕಜ್ಜನ ಮೊಮ್ಮಗನಿಗೆ ಸಿಗುವ ಸರ್ಟಿಫಿಕೇಟು ಗೋಡೆಯ ಈಚೆ ಇರುವ ಕ್ರೈಸ್ತನಿಗೆ ಇಲ್ಲ. ಬಸ್ಸಿನಲ್ಲಿ "ಯಾರ ಪೈಕಿ" ಅಂತ ಕೇಳುವವರು ಮಾತ್ರ ಇಬ್ಬರನ್ನೂ ಒಂದೇ ಕಣ್ಣಿಂದ ನೋಡ್ತಾರೆ. ಇದು ಸರಿಯೋ ತಪ್ಪೋ ಅಂತ ಕೋರ್ಟಿನಲ್ಲಿ, ಆಯೋಗದ ಮುಂದೆ ವಾದ ನಡೆದಿದೆ. ನಿಮ್ಮಲ್ಲಿ ಯಾರ ಕಾಗದದಲ್ಲಿ ಏನಿದೆ ಅಂತ ನಾನು ಕೇಳೋದಿಲ್ಲ. ಫೀಸು ಕಟ್ಟಲಾಗದ ಅಪ್ಪನ ಸಂಕಟ ನನಗೆ ಗೊತ್ತು. ಆದರೆ ಎರಡು ಹೆಸರು ಹೊತ್ತು ತಿರುಗುವ ಭಾರ ನಿಮ್ಮನ್ನು ಒಳಗೆ ತಿನ್ನುತ್ತಿದ್ದರೆ ಬಂದು ಮಾತಾಡ್ರಿ. ಯಾರೂ ನಿಮ್ಮನ್ನು ಇಲ್ಲಿ ಕಲ್ಲು ಹೊಡೆಯೋದಿಲ್ಲ.

2025ರ ಸೆಪ್ಟೆಂಬರ್ 22ರಿಂದ ರಾಜ್ಯದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾಯಿತಲ್ಲ, ಅದರ ಪಟ್ಟಿಯಲ್ಲಿ ಹಿಂದೂ ಜಾತಿಯ ಹೆಸರಿನ ಜೊತೆ ಕ್ರಿಶ್ಚಿಯನ್ ಅಂತ ಸೇರಿಸಿದ ಹಲವು ಹೆಸರು ಇದ್ದವು ಅಂತ ದೊಡ್ಡ ಗದ್ದಲ ಆಯಿತು. ಕ್ರೈಸ್ತರಲ್ಲಿ ಜಾತಿ ಎಲ್ಲಿದೆ ಅಂತ ಕೆಲವರು ಕೇಳಿದರು. ಆ ಪ್ರಶ್ನೆ ಕೇಳಿದಾಗ ಜೂನ್ ತಿಂಗಳ ಆ ಫೋನ್ ನೆನಪಾಗಿ ನಾನು ತಲೆ ತಗ್ಗಿಸಿದೆ.

ನಮ್ಮ ಮನೆಗೂ ಒಬ್ಬ ಸರ್ ಬಂದರು. ಧರ್ಮ? ಕ್ರೈಸ್ತ ಅಂದೆ, ಗಟ್ಟಿಯಾಗಿ. ಜಾತಿ? ನನಗೆ ಬಾಯಿ ಬರಲಿಲ್ಲ. ಒಳಗಿನಿಂದ ಅವ್ವ, ರೊಟ್ಟಿ ಬಡಿಯುವ ಕೈಯಲ್ಲೇ ಬಂದು ಹೇಳಿದಳು: "ಬರಕೊಳ್ರಿ ಸರ್, ನಾವು ಮಹಾರ ಕೇರಿಯವ್ರು. ಎಲ್ಲಿಂದ ಬಂದೀವಿ ಅಂತ ದೇವ್ರಿಗೆ ಗೊತ್ತೈತಿ, ಸರ್ಕಾರಕ್ಕೂ ಗೊತ್ತಾಗ್ಲಿ. ಅದರಾಗ ನಾಚಿಕಿ ಏನೈತಿ?"

ಅವ್ವ ನಾಲ್ಕನೇ ಇಯತ್ತೆ ಓದಿದವಳು. ಇವತ್ತಿನ ಪ್ರಸಂಗದ ಅರ್ಧ ಅವಳೇ ಹೇಳಿದಳು. ಎಲ್ಲಿಂದ ಬಂದೆವು ಅಂತ ಹೇಳಲು ನಾಚಿಕೆ ಬೇಡ. ಉಳಿದ ಅರ್ಧ ನಾನು ಸೇರಿಸ್ತೀನಿ: ಇನ್ನೊಬ್ಬರು ಎಲ್ಲಿಂದ ಬಂದರು ಅನ್ನುವುದರ ಮೇಲೆ ಅವರ ಬೆಲೆ ಕಟ್ಟಿದರೆ, ಆಗ ನಾಚಿಕೆಪಡಬೇಕು.

ಆ ಹುಡುಗನ ಕಥೆ ಮುಗಿಸ್ತೀನಿ. ನಾನು ಅವನಿಗೆ ಮತ್ತೆ ಫೋನ್ ಮಾಡಿ, "ತಮ್ಮಾ, ನಂದು ತಪ್ಪಾತು" ಅಂದೆ. ಅವನು ಅತ್ತ. ಅವನ ಮನೆಗೆ ಹೋಗಿ ತಂದೆತಾಯಿಯ ಜೊತೆ ಮಾತಾಡಿದೆ. ಕಾಕಾ ನನ್ನ ಮುಖ ನೋಡಿ ಕೇಳಿದರು, "ಪಾಸ್ಟರ್, ನಿಮ್ಮ ತಮ್ಮಗ ತರತಿದ್ರೇನ್ರಿ ನೀವು?" ನಾನು ಹೇಳಿದೆ, "ಕಾಕಾ, ಜೂನ್ ತಿಂಗಳದಾಗ ಕೇಳಿದ್ರ ಇಲ್ಲ ಅಂತಿದ್ನ್ಯೋ ಏನೋ. ಇವತ್ತ ಹೂಂ ಅಂತೀನಿ." ಕಾಕಾ ಏನೂ ಹೇಳಲಿಲ್ಲ. ಚಹಾ ಕುಡಿದು ಎದ್ದೆವು.

ಅಲ್ಲಿಂದ ನಾನು ಸೀದಾ ಹುಡುಗಿಯ ಮನೆಗೆ ಹೋದೆ. ಮೊದಲು ಎಷ್ಟೋ ಸಲ ಪ್ರಾರ್ಥನೆಗೆ ಹೋಗಿದ್ದೆ. ಪ್ರಾರ್ಥನೆ ಮಾಡಿ, "ಗಡಬಡಿ ಐತಿ" ಅಂತ ಬಂದುಬಿಡ್ತಿದ್ದೆ. ಯಾಕೆ ಗಡಬಡಿ ಅಂತ ಆ ದಿನ ನನಗೇ ತಿಳಿಯಿತು. ಆ ಅಕ್ಕ ರೊಟ್ಟಿ, ಪುಂಡಿಪಲ್ಲೆ ಬಡಿಸಿದರು. ಕುಳಿತು ಉಂಡೆ. ಒಂಬತ್ತು ವರ್ಷದಿಂದ ಅವರ ಪಾಸ್ಟರ್ ನಾನು. ಅದು ಅವರ ಮನೆಯಲ್ಲಿ ನನ್ನ ಮೊದಲ ಊಟ. ಅಕ್ಕನಿಗೂ ಅದು ಗೊತ್ತಿತ್ತು. ಏನೂ ಹೇಳದೆ ಇನ್ನೊಂದು ರೊಟ್ಟಿ ಹಾಕಿದರು.

ಮದುವೆ ಇನ್ನೂ ಗಟ್ಟಿ ಆಗಿಲ್ಲ. ಎರಡೂ ಮನೆಯವರು ಮುಂದಿನ ತಿಂಗಳು ಕೂಡಿ ಊಟಕ್ಕೆ ಕುಳಿತುಕೊಳ್ಳಲು ಒಪ್ಪಿದ್ದಾರೆ. ಅಷ್ಟಕ್ಕೇ ಸ್ತೋತ್ರ. ಪ್ರಾರ್ಥನೆ ಮಾಡ್ರಿ.

ಪ್ರಿಯರೇ, ಮೂರು ಚಿಕ್ಕ ಕೆಲಸ ಕೊಡ್ತೀನಿ. ಈ ವಾರ ನಿಮ್ಮ ಆಯಿಯನ್ನೋ, ಅಜ್ಜನನ್ನೋ ಕ್ರಿಸ್ತನ ಕಡೆಗೆ ಹೇಗೆ ಬಂದಿರಿ ಅಂತ ಕೇಳ್ರಿ. ಪೂರ್ತಿ ಕೇಳ್ರಿ, ಫೋನ್ ಬದಿಗಿಟ್ಟು. ಎರಡನೆಯದು, ಬೇರೆ ನಂಬಿಕೆಯ ಗೆಳೆಯನನ್ನು ತಮಾಷೆ ಮಾಡುವ ಮುಂಚೆ ಅವನೂ ಯಾರದೋ ಆಯಿಯ ಮೊಮ್ಮಗ ಅಂತ ನೆನೆಸ್ರಿ. ನಮ್ಮೂರ ಜೈನ ಕಾಕಾ ಹೊಲದಿಂದ ಎಷ್ಟೇ ದಣಿದು ಬಂದರೂ ಕತ್ತಲಾದರೆ ಉಣ್ಣೋದಿಲ್ಲ. ಅವರ ಮುಂದೆ ನನ್ನ ಉಪವಾಸ ಪ್ರಾರ್ಥನೆ ಸಣ್ಣದು. ಮೂರನೆಯದು, ನೀವು ಯಾರ ಮನೆಯಲ್ಲಿ ಇನ್ನೂ ಉಂಡಿಲ್ಲ? ಈ ಸಭೆಯಲ್ಲೇ. ಹೆಸರು ಮನಸ್ಸಿಗೆ ಬಂತಲ್ಲ, ಅಲ್ಲಿಗೆ ಹೋಗ್ರಿ.

ತಲೆ ಬಾಗಿಸೋಣ.

ಕರ್ತನೇ, ನಮ್ಮನ್ನು ಹೆತ್ತ ತಾಯಂದಿರಿಗಾಗಿ, ಬೆಳೆಸಿದ ಓಣಿಗಾಗಿ ಸ್ತೋತ್ರ. ಅವರು ಕೊಟ್ಟ ಒಳ್ಳೆಯದನ್ನು ಉಳಿಸು. ಹಾಲಿನ ಜೊತೆ ಬಂದ ವಿಷವನ್ನು ನಮಗೆ ತೋರಿಸು, ಎಲ್ಲರ ಮುಂದೆ ತೋರಿಸಬೇಕಾದರೂ ತೋರಿಸು. ಸಮಾರ್ಯದ ಊರಲ್ಲಿ ಎರಡು ದಿನ ಉಳಿದ ಯೇಸುವೇ, ನಾವು ದಾಟದ ಹೊಸ್ತಿಲನ್ನು ದಾಟಿಸು. ಆ ಇಬ್ಬರು ಮಕ್ಕಳ ಎರಡೂ ಮನೆಗಳನ್ನು ಒಂದೇ ಊಟಕ್ಕೆ ಕೂರಿಸು. ನಿನ್ನ ನಾಮದಲ್ಲೇ ಬೇಡಿಕೊಳ್ತೇವೆ. ಆಮೆನ್.